ಹಿಂಡಿನ ಹಿರಿಯಳು: ಆನೆಗಳ ಕೂಡುಬಾಳಿನ ಒಳಮರ್ಮ

ರಾಜ್ಯಗಳ ನಡುವೆ ಗೆರೆ ಎಳೆದವರು ಮನುಷ್ಯರು. ಆ ಗೆರೆಯ ಆಚೆಗೆ ಉಳಿದು, ಕನ್ನಡವನ್ನು ಮನೆಮಾತಾಗಿ ಕಾಪಾಡಿಕೊಂಡು ಬಂದಿರುವ ನಮಗೆ ಅದರ ಅರ್ಥವೂ ಗೊತ್ತು, ಅದರ ಭಾರವೂ ಗೊತ್ತು. ಆದರೆ ತಾಳವಾಡಿಯ ರಾಗಿ ಹೊಲಕ್ಕೂ ಚಾಮರಾಜನಗರದ ಕಾಡಿಗೂ, ವಯನಾಡಿನ ಗದ್ದೆಬಯಲಿಗೂ ನಾಗರಹೊಳೆಯ ಹುಲ್ಲುಗಾವಲಿಗೂ, ಹೊಸೂರಿನ ಕೆರೆಯಂಗಳಕ್ಕೂ ಬನ್ನೇರುಘಟ್ಟದ ಬಿದಿರುಮೆಳೆಗೂ ನಡುವೆ ಯಾವ ಗೆರೆಯನ್ನೂ ಲೆಕ್ಕಿಸದೆ ಹೋಗಿಬರುವ ನೆರೆಯವರೊಬ್ಬರು ನಮಗಿದ್ದಾರೆ. ಅವರ ಹೆಜ್ಜೆಗುರುತು ನಮಗೆ ಪರಿಚಿತ. ಅವರು ತುಳಿದುಹೋದ ಬಾಳೆತೋಟ ಪರಿಚಿತ. ರಾತ್ರಿ ಅಟ್ಟಣೆಯ ಮೇಲೆ ಕುಳಿತವರಿಗೆ ಅವರು ಕೊಂಬೆ ಮುರಿಯುವ ಸದ್ದೂ ಪರಿಚಿತ. ಆದರೆ ಅವರ ಸಂಸಾರ ಎಂಥದು, ಅಲ್ಲಿ ಯಾರು ಯಾರಿಗೆ ಏನಾಗಬೇಕು, ಯಾರ ಮಾತು ನಡೆಯುತ್ತದೆ, ಯಾರು ಮನೆ ಬಿಟ್ಟು ಹೊರಡುತ್ತಾರೆ ಎಂಬುದನ್ನು ಬಲ್ಲವರು ನಮ್ಮಲ್ಲಿ ವಿರಳ. ಆ ನೆರೆಯವರೇ ಆನೆಗಳು.

ಇದು ಕೇವಲ ಕುತೂಹಲದ ವಿಷಯವಲ್ಲ. ಆನೆ ಯಾವಾಗ ಓಡುತ್ತದೆ, ಯಾವಾಗ ತಿರುಗಿ ನಿಲ್ಲುತ್ತದೆ, ಏಕೆ ಒಂದು ಹಿಂಡು ತಮಟೆಯ ಸದ್ದಿಗೆ ಸರಿದುಹೋದರೆ ಇನ್ನೊಂದು ಮೈಮೇಲೆ ಬೀಳುತ್ತದೆ ಎಂಬ ಪ್ರಶ್ನೆಗಳ ಉತ್ತರವೆಲ್ಲ ಅದರ ಸಾಮಾಜಿಕ ಬಾಳಿನಲ್ಲಿ ಅಡಗಿದೆ. ಕಾಡಂಚಿನ ಊರುಗಳಲ್ಲಿ ಆ ಉತ್ತರ ತಿಳಿದಿರುವುದಕ್ಕೂ ತಿಳಿಯದಿರುವುದಕ್ಕೂ ನಡುವಿನ ಅಂತರ ಕೆಲವೊಮ್ಮೆ ಒಂದು ಜೀವದ ಅಂತರವಾಗಿರುತ್ತದೆ.

ಗುಂಪು ಕಟ್ಟುವುದೇಕೆ?

ಗುಂಪಾಗಿ ಬಾಳುವುದು ಪ್ರಾಣಿಗಳ ಸಹಜಧರ್ಮವೆಂದು ನಾವು ಭಾವಿಸುವುದುಂಟು. ಆದರೆ ಅದೇ ಕಾಡಿನಲ್ಲಿರುವ ಹುಲಿ, ಚಿರತೆ, ಕರಡಿಗಳು ಬಹುಪಾಲು ಒಂಟಿಯಾಗಿಯೇ ಬಾಳುತ್ತವೆ. ಏಕೆಂದರೆ ಗುಂಪಿಗೆ ತೆರಬೇಕಾದ ಬೆಲೆಯಿದೆ. ಒಂದೇ ಮೇವಿಗೆ ಹಲವು ಬಾಯಿಗಳು ಪೈಪೋಟಿಗಿಳಿಯುತ್ತವೆ. ಒಂದಕ್ಕೆ ತಗುಲಿದ ರೋಗ ಹತ್ತಕ್ಕೆ ಹರಡುತ್ತದೆ. ಒಂಟಿ ಪ್ರಾಣಿ ಪೊದೆಯಲ್ಲಿ ಅಡಗಬಹುದು, ಹಿಂಡು ಅಡಗಲಾರದು. ಈ ಎಲ್ಲ ನಷ್ಟವನ್ನು ಮೀರಿಸುವ ಲಾಭ ಇದ್ದಾಗ ಮಾತ್ರ ಗುಂಪಿನ ಬಾಳು ತಲೆಮಾರಿನಿಂದ ತಲೆಮಾರಿಗೆ ಉಳಿದುಬರುತ್ತದೆ.

ಆ ಲಾಭ ಒಂದೊಂದು ಪ್ರಾಣಿಗೆ ಒಂದೊಂದು ಬಗೆಯದು. ಚುಕ್ಕೆಜಿಂಕೆಗಳಿಗೆ ಅದು ಕಣ್ಣುಗಳ ಸಂಖ್ಯೆ: ಹತ್ತು ತಲೆ ಮೇಯುವಾಗ ಒಂದಲ್ಲ ಒಂದು ತಲೆ ಮೇಲೆದ್ದು ನೋಡುತ್ತಿರುತ್ತದೆ. ಅಷ್ಟೇ ಅಲ್ಲ, ಮರದ ಮೇಲಿನ ಮುಸುವ ಹುಲಿಯನ್ನು ಕಂಡು ಕೂಗಿದರೆ ಕೆಳಗಿನ ಜಿಂಕೆಯೂ ಎಚ್ಚರಗೊಳ್ಳುತ್ತದೆ. ಸೀಳುನಾಯಿಗಳಿಗೆ ಅದು ಬೇಟೆಯ ಬಲ: ಊರನಾಯಿಯ ಗಾತ್ರದ ಆ ಪ್ರಾಣಿ ಒಂಟಿಯಾಗಿ ಸುಲಭವಾಗಿ ಕೆಡವಲಾರದ ಕಡವೆಯನ್ನು ತಂಡವಾಗಿ ಕೆಡವುತ್ತದೆ; ಬೇಟೆ ಮುಗಿಸಿ ಬಂದವು ಗವಿಯಲ್ಲಿರುವ ತಾಯಿಗೂ ಮರಿಗಳಿಗೂ ತಿಂದದ್ದನ್ನು ಕಕ್ಕಿ ಉಣಿಸುತ್ತವೆ. ಎ. ಜೆ. ಟಿ. ಜಾನ್‌ಸಿಂಗ್ ಅವರು ೧೯೭೦ರ ದಶಕದಲ್ಲಿ ನಮ್ಮ ಬಂಡೀಪುರದಲ್ಲಿಯೇ ಸೀಳುನಾಯಿಗಳ ಈ ಸಂಘಜೀವನವನ್ನು ಅಧ್ಯಯನ ಮಾಡಿದರು. ಇನ್ನು ಜೇನುಹುಳುಗಳಲ್ಲಿ ದುಡಿಯುವ ನೊಣ ಶತ್ರುವನ್ನು ಚುಚ್ಚಿ ತಾನು ಸಾಯುತ್ತದೆ. ಅದಕ್ಕೆ ಸ್ವಂತ ಸಂತಾನವೇ ಇರುವುದಿಲ್ಲ.

ತನಗೆ ಲಾಭವಿಲ್ಲದ ಇಂಥ ತ್ಯಾಗ ಹೇಗೆ ಉಳಿದುಬಂದಿತು ಎಂಬುದು ಡಾರ್ವಿನ್ನನ ಕಾಲದಿಂದಲೂ ವಿಜ್ಞಾನಿಗಳನ್ನು ಕಾಡಿದ ಸಮಸ್ಯೆ. ೧೯೬೪ರಲ್ಲಿ ಡಬ್ಲ್ಯೂ. ಡಿ. ಹ್ಯಾಮಿಲ್ಟನ್ ಎಂಬ ಇಂಗ್ಲಿಷ್ ವಿಜ್ಞಾನಿ ಅದಕ್ಕೊಂದು ಲೆಕ್ಕ ಕೊಟ್ಟರು. ಒಡಹುಟ್ಟಿದವರಲ್ಲಿ ವಂಶವಾಹಿಗಳ ಸರಾಸರಿ ಅರ್ಧಪಾಲು, ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳಲ್ಲಿ ಎಂಟನೆಯ ಒಂದು ಪಾಲು ಸಮಾನ. ಆದುದರಿಂದ ರಕ್ತಸಂಬಂಧಿಗೆ ನೆರವಾಗುವುದೆಂದರೆ ತನ್ನದೇ ವಂಶವಾಹಿಗಳಿಗೆ ಸುತ್ತುದಾರಿಯಲ್ಲಿ ನೆರವಾದಂತೆ. ನೆರವು ಪಡೆದವರಿಗೆ ಆದ ಲಾಭವನ್ನು ಸಂಬಂಧದ ಪಾಲಿನಿಂದ ಗುಣಿಸಿದಾಗ ಅದು ನೆರವಿತ್ತವರ ನಷ್ಟಕ್ಕಿಂತ ಹೆಚ್ಚಾದರೆ ಆ ಗುಣ ಮುಂದಿನ ತಲೆಮಾರಿಗೆ ಸಾಗುತ್ತದೆ. ಬಳಗ ಏಕೆ ಬಳಗವಾಗಿ ನಿಲ್ಲುತ್ತದೆಂಬುದಕ್ಕೆ ಇದು ಒಂದು ಮುಖ್ಯ ಕಾರಣ, ಏಕಮಾತ್ರ ಕಾರಣವಲ್ಲ. ಆನೆಯ ಹಿಂಡನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ತವರು ಬಿಡದ ಹೆಣ್ಣುಮಕ್ಕಳು

ಕಾಡಿನ ಕಥೆಗಳಲ್ಲಿ ಹಿಂಡಿನ ನಾಯಕನೆಂದರೆ ಉದ್ದನೆಯ ದಂತದ ಸಲಗ. ನಿಜಸಂಗತಿ ಬೇರೆಯೇ. ೧೮೭೦ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ಖೆಡ್ಡಾ ನಡೆಸಿ ಹೆಸರಾದ ಜಿ. ಪಿ. ಸ್ಯಾಂಡರ್ಸನ್ ೧೮೭೮ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿಯೇ, ಆನೆಯ ಹಿಂಡಿನ ಮುಂದಾಳು ಹೆಣ್ಣಾನೆ, ಗಂಡಲ್ಲ ಎಂದು ಬರೆದಿದ್ದರು. ಖೆಡ್ಡಾ ಎಂಬ ಉಪಾಯವೇ ಹಿಂಡಿನ ಈ ಸ್ವಭಾವವನ್ನು ನಂಬಿ ನಡೆದದ್ದು. ತಮಟೆ ಬಡಿದು, ಬೆಂಕಿ ಹಚ್ಚಿ, ಸುತ್ತುವರಿದು ಅಟ್ಟಿದಾಗ ಆನೆಗಳು ಜಿಂಕೆಗಳಂತೆ ಚೆಲ್ಲಾಪಿಲ್ಲಿಯಾಗಿ ಓಡಿದ್ದರೆ ಒಂದೊಂದನ್ನೇ ಹಿಡಿಯಬೇಕಾಗುತ್ತಿತ್ತು. ಆದರೆ ಮರಿಗಳನ್ನು ನಡುವೆ ಇಟ್ಟುಕೊಂಡು ಒಂದಕ್ಕೊಂದು ಅಂಟಿಕೊಂಡು ಸಾಗಿದ ಕಾರಣ ಇಡೀ ಹಿಂಡು ಒಟ್ಟಿಗೇ ಆವರಣದೊಳಗೆ ಸಿಕ್ಕಿಬೀಳುತ್ತಿತ್ತು. ಯಾವ ಗುಣ ಅವುಗಳನ್ನು ಹುಲಿಯಿಂದ ಕಾಪಾಡಿತೋ ಅದೇ ಗುಣ ಮನುಷ್ಯನ ಕೈಗೆ ಅವುಗಳನ್ನು ಒಪ್ಪಿಸಿತು. ಕೊನೆಯ ಖೆಡ್ಡಾ ನಡೆದದ್ದು ೧೯೭೧ರಲ್ಲಿ, ಕಾಕನಕೋಟೆಯಲ್ಲಿ. ೧೯೭೪ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದ ನೀರು ಆ ಖೆಡ್ಡಾ ಬಯಲನ್ನು ಮುಳುಗಿಸಿತು.

ಹಿಂಡಿನ ಮೂಲರೂಪ ನಮ್ಮ ಹಳೆಯ ಮಾತೃಮೂಲ ಮನೆತನಗಳನ್ನು ನೆನಪಿಸುವಂಥದು. ಕಾಸರಗೋಡಿನ ಓದುಗರಿಗೆ ಅಳಿಯಸಂತಾನದ ಕಟ್ಟಿನ ಹೋಲಿಕೆ ಕೂಡಲೇ ಹೊಳೆದೀತು. ಅಜ್ಜಿ, ಅವಳ ಹೆಣ್ಣುಮಕ್ಕಳು, ಮೊಮ್ಮಕ್ಕಳು, ಅಕ್ಕತಂಗಿಯರು ಮತ್ತು ಅವರ ಮರಿಗಳು ಒಂದು ಬಳಗ. ಹೆಣ್ಣು ಹುಟ್ಟಿದ ಬಳಗವನ್ನು ಸಾಮಾನ್ಯವಾಗಿ ಜೀವಮಾನವಿಡೀ ಬಿಡುವುದಿಲ್ಲ. ಗಂಡುಮರಿ ಹತ್ತರಿಂದ ಹದಿನೈದು ವರ್ಷದ ಪ್ರಾಯದಲ್ಲಿ ಮೆಲ್ಲಮೆಲ್ಲನೆ ಹೊರಗಾಗುತ್ತದೆ. ಟಿ. ಎನ್. ಸಿ. ವಿದ್ಯಾ ಮತ್ತು ಆರ್. ಸುಕುಮಾರ್ ಅವರು ದಕ್ಷಿಣ ಭಾರತದ ಕಾಡಾನೆಗಳ ಲದ್ದಿಯಿಂದ ಡಿಎನ್‌ಎ ತೆಗೆದು ಪರೀಕ್ಷಿಸಿ ೨೦೦೫ರಲ್ಲಿ ಪ್ರಕಟಿಸಿದ ಅಧ್ಯಯನ ಈ ಸಂಗತಿಯನ್ನು ದೃಢಪಡಿಸಿತು: ಹೆಣ್ಣುಗಳು ನಡೆಸುವ ಹಿಂಡಿನಲ್ಲಿರುವವು ನಿಕಟ ರಕ್ತಸಂಬಂಧಿಗಳು, ಗಂಡುಗಳು ಹುಟ್ಟಿದ ಬಳಗದಿಂದ ದೂರ ಚದುರಿಹೋಗುತ್ತವೆ. ಗಂಡು ಹೊರಡುವುದರಿಂದ ರಕ್ತಸಂಬಂಧಿಗಳ ನಡುವೆ ಕೂಡಿಕೆ ತಪ್ಪುತ್ತದೆ.

ಒಂದು ಬಳಗ ಯಾವಾಗಲೂ ಒಂದೇ ಕಡೆ ಇರುತ್ತದೆಂದು ಎಣಿಸಬಾರದು. ಬೆಳೆದ ಆನೆಗೆ ದಿನಕ್ಕೆ ಸುಮಾರು ನೂರೈವತ್ತು ಕಿಲೋಗ್ರಾಂ ಮೇವು ಬೇಕು. ಇಪ್ಪತ್ತು ಆನೆ ಒಂದೇ ಕಣಿವೆಯಲ್ಲಿ ನಿಂತರೆ ಮೇವು ಎಲ್ಲಿ ಸಾಕಾದೀತು? ಆದುದರಿಂದ ಬಳಗ ಒಡೆಯುತ್ತದೆ, ಮತ್ತೆ ಕೂಡುತ್ತದೆ. ಕಾಕನಕೋಟೆಯ ನೆಲ ಮುಳುಗಿದ ಅದೇ ಕಬಿನಿ ಹಿನ್ನೀರಿನ ದಂಡೆಯಲ್ಲಿ, ಬೇಸಗೆಯಲ್ಲಿ ನೀರಿಳಿದಾಗ ಹಸಿರು ಹುಲ್ಲು ಚಿಗುರುತ್ತದೆ. ನಾಗರಹೊಳೆ, ಬಂಡೀಪುರಗಳ ಆನೆಗಳು ಅಲ್ಲಿಗಿಳಿಯುತ್ತವೆ. ವಿದ್ಯಾ ಮತ್ತು ಅವರ ಸಂಗಡಿಗರು ೨೦೦೯ರಿಂದ ಅಲ್ಲಿ ಒಂದೊಂದು ಆನೆಯನ್ನೂ ಕಿವಿಯ ಹರಕು, ಬಾಲದ ಕುಚ್ಚು, ದಂತದ ಆಕಾರಗಳಿಂದ ಗುರುತಿಟ್ಟು ನಡೆಸಿದ ಅಧ್ಯಯನದಲ್ಲಿ ಕಂಡದ್ದು ಇದು: ಕಣ್ಣಿಗೆ ಕಾಣುವ ಗುಂಪು ಸಾಮಾನ್ಯವಾಗಿ ಚಿಕ್ಕದು; ಅದರ ಸದಸ್ಯರು ದಿನದಿಂದ ದಿನಕ್ಕೆ ಬದಲಾಗಬಹುದು; ಆದರೆ ಆ ಬದಲಾವಣೆಯೆಲ್ಲ ಒಂದು ದೊಡ್ಡ ಕುಲದ ಒಳಗೇ ನಡೆಯುತ್ತದೆ. ಒಂದು ಕುಲದವು ಇನ್ನೊಂದು ಕುಲದವುಗಳ ಜೊತೆ ಬೆರೆಯುವುದು ವಿರಳ. ಹುಲ್ಲುಬಯಲಿನಲ್ಲಿ ಎದುರಾದಾಗ ತಳ್ಳಾಟ, ಅಟ್ಟಾಟವೂ ಉಂಟು. ಸಂಜೆ ಹೊಲದಂಚಿನಲ್ಲಿ ಮೂರು ಆನೆ ಕಂಡರೆ ಬಳಗದಲ್ಲಿರುವುದು ಮೂರೇ ಎಂದು ತಿಳಿಯುವುದು ಅಪಾಯಕರ. ಉಳಿದವು ಸನಿಹದಲ್ಲೇ ಇರಬಹುದು.

ಒಂದು ಮರಿ, ಹಲವು ತಾಯಂದಿರು

ಆನೆ ಇಪ್ಪತ್ತರಿಂದ ಇಪ್ಪತ್ತೆರಡು ತಿಂಗಳು ಗರ್ಭ ಹೊರುತ್ತದೆ. ಸುಮಾರು ನೂರು ಕಿಲೋಗ್ರಾಂ ತೂಕದ ಒಂದೇ ಮರಿ. ಮುಂದಿನ ಮರಿಗೆ ಸಾಮಾನ್ಯವಾಗಿ ನಾಲ್ಕೈದು ವರ್ಷ ಕಾಯಬೇಕು. ಹುಟ್ಟಿದ ಮರಿಯ ಮೆದುಳು ಬೆಳೆದ ಆನೆಯ ಮೆದುಳಿನ ಅರ್ಧಕ್ಕಿಂತ ಚಿಕ್ಕದು. ಸೊಂಡಿಲನ್ನು ಹೇಗೆ ಬಳಸಬೇಕೆಂಬುದೂ ಅದಕ್ಕೆ ತಿಳಿದಿರುವುದಿಲ್ಲ. ಮೊದಲ ತಿಂಗಳುಗಳಲ್ಲಿ ನೀರನ್ನು ನೇರವಾಗಿ ಬಾಯಿಂದಲೇ ಕುಡಿಯುತ್ತದೆ. ಯಾವ ಸೊಪ್ಪು ತಿನ್ನಬೇಕು, ಯಾವ ದಾರಿಯಲ್ಲಿ ನಡೆಯಬೇಕು ಎಂಬುದೆಲ್ಲ ಕಲಿತು ಬರಬೇಕಾದ ವಿದ್ಯೆ. ಇಷ್ಟು ನಿಧಾನವಾಗಿ, ಇಷ್ಟು ವೆಚ್ಚದಲ್ಲಿ ಬೆಳೆಯುವ ಮರಿಯನ್ನು ಕಳೆದುಕೊಂಡರೆ ತಾಯಿಯ ವರ್ಷಾನುವರ್ಷಗಳ ಶ್ರಮ ಮಣ್ಣುಪಾಲು. ಬೆಳೆದ ಆನೆಗೆ ಹುಲಿಯ ಭಯವಿಲ್ಲ; ಮರಿಗಾದರೋ ಇದೆ.

ಹಿಂಡಿನ ಲಾಭ ಕಾಣುವುದು ಇಲ್ಲಿ. ಮರಿಯ ಸುತ್ತ ತಾಯಿಯೊಬ್ಬಳೇ ಅಲ್ಲ, ಅಕ್ಕ, ಚಿಕ್ಕಮ್ಮ, ಅಜ್ಜಿ ಎಲ್ಲರೂ ಇರುತ್ತಾರೆ. ಇನ್ನೂ ತಾಯಿಯಾಗದ ಎಳೆ ಹೆಣ್ಣುಗಳು ಮರಿಯನ್ನು ಕಾಯುತ್ತವೆ, ಕೆಸರಿನಿಂದ ಎತ್ತುತ್ತವೆ, ಮಲಗಿದಾಗ ಬಳಿ ನಿಲ್ಲುತ್ತವೆ. ಇದರಿಂದ ಮರಿ ಉಳಿಯುತ್ತದೆ. ಕಾಯುವ ಎಳೆಯಳು ಮುಂದೆ ತನ್ನ ಮರಿಯನ್ನು ಸಾಕುವ ವಿದ್ಯೆ ಕಲಿಯುತ್ತಾಳೆ. ಹ್ಯಾಮಿಲ್ಟನ್ನರ ಲೆಕ್ಕಕ್ಕೆ ಇದಕ್ಕಿಂತ ಒಪ್ಪವಾದ ನಿದರ್ಶನ ಬೇಕಿಲ್ಲ.

ಹಿರಿಯಳ ನೆನಪು

ಮುಪ್ಪಿನ ಹೆಣ್ಣಾನೆಯಿಂದ ಹಿಂಡಿಗೇನು ಪ್ರಯೋಜನ? ಈ ಪ್ರಶ್ನೆಗೆ ಅತ್ಯುತ್ತಮ ಉತ್ತರಗಳು ಬಂದದ್ದು ಆಫ್ರಿಕದಿಂದ. ಕೀನ್ಯಾದ ಅಂಬೋಸೆಲಿಯಲ್ಲಿ ಸಿಂಥಿಯಾ ಮಾಸ್ ೧೯೭೨ರಲ್ಲಿ ಆರಂಭಿಸಿದ ಅಧ್ಯಯನ ಅಲ್ಲಿಯ ಆನೆಗಳ ಹಲವು ತಲೆಮಾರುಗಳನ್ನು ಹೆಸರುಹೆಸರಾಗಿ ಹಿಂಬಾಲಿಸಿತು. ಅಲ್ಲಿ ಕ್ಯಾರೆನ್ ಮೆಕೋಂಬ್ ಮತ್ತು ಸಂಗಡಿಗರು ಬೇರೆ ಬೇರೆ ಆನೆಗಳ ಕೂಗನ್ನು ಧ್ವನಿಮುದ್ರಿಸಿ ಹಿಂಡುಗಳಿಗೆ ಕೇಳಿಸಿದರು. ೨೦೦೧ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಂತೆ, ಮುಂದಾಳು ಹಿರಿಯಳಾಗಿದ್ದ ಹಿಂಡು ಪರಿಚಿತರ ಕೂಗನ್ನೂ ಅಪರಿಚಿತರ ಕೂಗನ್ನೂ ಸರಿಯಾಗಿ ಬೇರ್ಪಡಿಸಿ, ಅಪರಿಚಿತರು ಬಂದಾಗ ಮಾತ್ರ ಒತ್ತಾಗಿ ಕೂಡಿ ನಿಂತಿತು. ಎಳೆಯ ಮುಂದಾಳಿನ ಹಿಂಡಿಗೆ ಆ ವಿವೇಚನೆ ಅಷ್ಟಾಗಿ ಇರಲಿಲ್ಲ. ಹಿರಿಯಳ ಹಿಂಡುಗಳಲ್ಲಿ ಮರಿಗಳ ಸಂಖ್ಯೆಯೂ ಹೆಚ್ಚಾಗಿತ್ತು.

ಇನ್ನೊಂದು ನಿದರ್ಶನ ತಾಂಜಾನಿಯಾದ ತರಂಗಿರೆಯದು. ೧೯೯೩ರಲ್ಲಿ ಅಲ್ಲಿ ಭೀಕರ ಬರ ಬಿದ್ದಿತು. ಒಂಬತ್ತು ತಿಂಗಳಲ್ಲಿ, ಗಮನದಲ್ಲಿದ್ದ ೮೧ ಮರಿಗಳ ಪೈಕಿ ೧೬ ಸತ್ತವು. ಆದರೆ ನಷ್ಟ ಎಲ್ಲ ಬಳಗಗಳಿಗೂ ಸಮನಾಗಿರಲಿಲ್ಲ. ಅಭಯಾರಣ್ಯ ಬಿಟ್ಟು ಬೇರೆಡೆಗೆ ಹೊರಟ ಬಳಗಗಳ ಮರಿಗಳು ಹೆಚ್ಚು ಉಳಿದವು; ನಿಂತಲ್ಲೇ ನಿಂತ ಬಳಗ ಹೆಚ್ಚು ಮರಿಗಳನ್ನು ಕಳೆದುಕೊಂಡಿತು. ಅಲ್ಲಿ ೧೯೫೮ರಿಂದ ೧೯೬೧ರವರೆಗೂ ಇಂಥದೇ ಬರ ಬಿದ್ದಿತ್ತು. ಹೊರಟ ಬಳಗಗಳಲ್ಲಿ ಆ ಬರವನ್ನು ಕಂಡಿರಬಹುದಾದಷ್ಟು ವಯಸ್ಸಿನ ಹೆಣ್ಣುಗಳಿದ್ದವು. ಮೂವತ್ತು ವರ್ಷ ಹಿಂದಿನ ನೀರಿನ ದಾರಿ ಯಾರ ತಲೆಯಲ್ಲಿತ್ತೋ ಅವರ ಮರಿಗಳು ಬದುಕಿದವು ಎಂದು ಈ ಅಧ್ಯಯನವನ್ನು ೨೦೦೮ರಲ್ಲಿ ಪ್ರಕಟಿಸಿದವರು ಊಹಿಸಿದ್ದಾರೆ. ಹಳ್ಳಿಯ ಹಿರಿಯರು ಯಾವ ಬಾವಿಗೆ ಯಾವ ಬರದಲ್ಲೂ ನೀರಿತ್ತೆಂದು ಹೇಳುವ ಮಾತಿಗೂ ಇದಕ್ಕೂ ಅಂತರ ಹೆಚ್ಚಿಲ್ಲ.

ಆದರೆ ಆಫ್ರಿಕದ ಆನೆಗೆ ಹೇಳಿದ ಮಾತನ್ನು ಹಾಗೆ ಹಾಗೆಯೇ ನಮ್ಮ ಆನೆಗೆ ಅನ್ವಯಿಸುವುದು ಸರಿಯಲ್ಲ. ಇವೆರಡರ ವಂಶಗಳು ಅರುವತ್ತು ಲಕ್ಷ ವರ್ಷಗಳ ಹಿಂದೆಯೇ ಬೇರೆಯಾದವು. ಶ್ರೀಲಂಕೆಯ ಉಡ ವಳವೆಯಲ್ಲಿ ಶೆರ್ಮಿನ್ ಡಿ ಸಿಲ್ವಾ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ, ಏಷ್ಯದ ಹೆಣ್ಣಾನೆಗಳ ನಡುವೆ ವಯಸ್ಸಿನ ಮೇಲೆ ನಿಂತ ಕಟ್ಟುನಿಟ್ಟಾದ ಮೇಲುಕೀಳು ಕಾಣಲಿಲ್ಲ. ಬಯಲುನಾಡಿನ ಆಫ್ರಿಕದ ಆನೆಗೆ ಸಿಂಹದ ಭಯವೂ ಬರದ ಭಯವೂ ಹೆಚ್ಚು; ಅಲ್ಲಿ ಒತ್ತಾದ ಹಿಂಡು, ಬಿಗಿಯಾದ ನಾಯಕತ್ವ ಬೇಕಾಗುತ್ತದೆ. ಮಳೆ ಮೇವುಗಳು ಹೆಚ್ಚು ನಿಶ್ಚಿತವಾದ ಕಾಡಿನಲ್ಲಿ ಬಿಡಿಬಿಡಿಯಾದ ಸಂಬಂಧವೇ ಸಾಕಾಗುತ್ತದೆ. ನಮ್ಮ ಹಿಂಡಿನ ಹಿರಿಯಳು ರಾಣಿಯಲ್ಲ. ಅನುಭವಕ್ಕೆ ಉಳಿದವರು ಬೆಲೆ ಕೊಡುವ ಮನೆಯ ಹಿರಿಯಳು ಎನ್ನಬಹುದು.

ಕೇಳಿಸದ ಮಾತು, ಕಾಯುವ ತಾಳ್ಮೆ

ಒಡೆದು ಹಂಚಿಹೋದ ಬಳಗ ಮತ್ತೆ ಕೂಡುವುದು ಹೇಗೆ? ೧೯೮೪ರಲ್ಲಿ ಕೇಟಿ ಪೇನ್ ಎಂಬ ಅಮೆರಿಕದ ವಿಜ್ಞಾನಿ ಆರೆಗನ್ ಪ್ರಾಂತದ ಪೋರ್ಟ್‌ಲೆಂಡ್ ನಗರದ ಮೃಗಾಲಯದಲ್ಲಿ ಏಷ್ಯದ ಆನೆಗಳ ಪಂಜರದ ಬಳಿ ನಿಂತಿದ್ದಾಗ ಗಾಳಿಯಲ್ಲಿ ಏನೋ ಅದುರಿದಂತೆ ಅನುಭವವಾಯಿತು; ಶಬ್ದವೇನೂ ಕೇಳಿಸಲಿಲ್ಲ. ಧ್ವನಿಮುದ್ರಿಸಿ ಪರೀಕ್ಷಿಸಿದಾಗ, ಸೆಕೆಂಡಿಗೆ ೧೪ರಿಂದ ೨೪ ಕಂಪನಗಳಷ್ಟು ತಗ್ಗುಸ್ಥಾಯಿಯ ಕೂಗುಗಳು ದೊರೆತವು. ಮನುಷ್ಯನ ಕಿವಿ ಸಾಮಾನ್ಯವಾಗಿ ಇಪ್ಪತ್ತರ ಕೆಳಗಿನದನ್ನು ಗ್ರಹಿಸಲಾರದು. ಇಂಥ ತಗ್ಗು ಧ್ವನಿ ಮರಗಿಡಗಳ ನಡುವೆ ಹೆಚ್ಚು ಕ್ಷಯಿಸದೆ ಕಿಲೋಮೀಟರುಗಟ್ಟಲೆ ಸಾಗುತ್ತದೆ. ನಮ್ಮ ಕಣ್ಣಿಗೆ ಒಂಟಿಯಾಗಿ ನಿಂತಂತೆ ಕಾಣುವ ಹೆಣ್ಣಾನೆ ಗುಡ್ಡದಾಚೆಯ ತಂಗಿಯೊಡನೆ ಮಾತಾಡುತ್ತಿರಬಹುದು.

ಒಟ್ಟಾಗಿ ದುಡಿಯುವಾಗ ಆನೆಗೆ ಜೊತೆಗಾರನ ಅಗತ್ಯ ಅರ್ಥವಾಗುತ್ತದೆಯೆ? ಥಾಯ್ಲೆಂಡಿನ ಲಾಂಪಾಂಗಿನ ಆನೆ ಕೇಂದ್ರದಲ್ಲಿ ಜೋಶುವಾ ಪ್ಲಾಟ್ನಿಕ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ ೨೦೧೧ರಲ್ಲಿ ಪ್ರಕಟಿಸಿದರು. ಮೇವಿಟ್ಟ ಹಲಗೆಯ ಸುತ್ತ ಒಂದು ಹಗ್ಗ ಹಾಯಿಸಿ ಅದರ ಎರಡು ತುದಿಗಳನ್ನು ಎರಡು ಆನೆಗಳ ಕಡೆಗೆ ಬಿಟ್ಟರು. ಇಬ್ಬರೂ ಒಟ್ಟಿಗೆ ಎಳೆದರೆ ಹಲಗೆ ಬಳಿಗೆ ಬರುತ್ತದೆ; ಒಬ್ಬರೇ ಎಳೆದರೆ ಹಗ್ಗ ಜಾರಿಹೋಗುತ್ತದೆ. ಜೊತೆಗಾರನನ್ನು ತಡಮಾಡಿ ಬಿಟ್ಟಾಗ ಮೊದಲು ಬಂದ ಆನೆ ಹಗ್ಗ ಮುಟ್ಟದೆ, ಮುಕ್ಕಾಲು ನಿಮಿಷದವರೆಗೂ, ಕಾದು ನಿಂತಿತು. ಒಂದು ಎಳೆ ಆನೆಯಂತೂ ಹಗ್ಗದ ತುದಿಯನ್ನು ಕಾಲಡಿ ಒತ್ತಿ ಹಿಡಿದು ನಿಂತು, ಎಳೆಯುವ ಶ್ರಮವನ್ನೆಲ್ಲ ಜೊತೆಗಾರನಿಗೇ ಬಿಟ್ಟು ಮೇವಿನಲ್ಲಿ ಪಾಲು ಪಡೆಯುವುದನ್ನು ಕಲಿತಿತು! ಕೂಡುಕುಟುಂಬ ಎಂದಮೇಲೆ ಅಂಥವರೂ ಒಬ್ಬಿಬ್ಬರಿರುತ್ತಾರೆ.

ಮನೆ ಬಿಟ್ಟ ಗಂಡುಗಳು

ಹಿಂಡಿನಿಂದ ಹೊರಬಿದ್ದ ಗಂಡಿನ ಬಾಳು ಬೇರೆ ದಾರಿ ಹಿಡಿಯುತ್ತದೆ. ಅದು ಬೇಗ ದೊಡ್ಡದಾಗಬೇಕು, ಮೈತುಂಬಿಕೊಳ್ಳಬೇಕು, ಮದವೇರಬೇಕು; ಆಗಲೇ ಹೆಣ್ಣಿನ ಬಳಿ ಸೇರುವ ಅವಕಾಶ. ಸುಕುಮಾರ್ ಅವರು ೧೯೮೦ರ ದಶಕದ ಆರಂಭದಲ್ಲಿ ಸತ್ಯಮಂಗಲ ಮತ್ತು ಚಾಮರಾಜನಗರದ ಕಾಡುಗಳಲ್ಲಿ, ಎಂದರೆ ತಾಳವಾಡಿಯ ಸುತ್ತಮುತ್ತಲಲ್ಲೇ, ಅಧ್ಯಯನ ಮಾಡಿದಾಗ ಬೆಳೆಗೆ ನುಗ್ಗುವುದರಲ್ಲಿ ಬೆಳೆದ ಗಂಡಾನೆ ಹಿಂಡಿನ ಆನೆಗಿಂತ ಎಷ್ಟೋ ಪಾಲು ಮುಂದಿರುವುದು ಕಂಡುಬಂದಿತು. ಮಾಧವ ಗಾಡ್ಗೀಳರೊಡನೆ ೧೯೮೮ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು ಕೊಟ್ಟ ವಿವರಣೆ ಸರಳವಾದದ್ದು: ತೆನೆ ತುಂಬಿದ ರಾಗಿ ಕಾಡಿನ ಹುಲ್ಲಿಗಿಂತ ಪುಷ್ಟಿಕರ, ಆ ಪುಷ್ಟಿಯಿಂದ ಗಂಡಿಗೆ ಸಿಗುವ ಸಂತಾನಲಾಭ ಹೆಚ್ಚು, ಆದುದರಿಂದ ಅದು ಪ್ರಾಣಾಪಾಯವನ್ನೂ ಎದುರಿಸಿ ಬರುತ್ತದೆ. ಮರಿಗಳನ್ನು ಕಟ್ಟಿಕೊಂಡ ಹೆಣ್ಣು ಅಷ್ಟು ಅಪಾಯಕ್ಕೆ ಕೈಹಾಕುವುದಿಲ್ಲ.

ಗಂಡಾನೆ ಎಂದರೆ ಒಂಟಿಸಲಗವೇ ಎಂಬ ನಂಬಿಕೆಯನ್ನೂ ಈಗ ತಿದ್ದಿಕೊಳ್ಳಬೇಕಾಗಿದೆ. ನಿಶಾಂತ್ ಶ್ರೀನಿವಾಸಯ್ಯ ಮತ್ತು ಸಂಗಡಿಗರು ದಕ್ಷಿಣ ಭಾರತದಲ್ಲಿ, ಹೊಸೂರು ಸೀಮೆಯೂ ಸೇರಿದಂತೆ, ೨೪೮ ಗಂಡಾನೆಗಳನ್ನು ಛಾಯಾಚಿತ್ರಗಳಿಂದ ಗುರುತಿಸಿ ೨೦೧೯ರಲ್ಲಿ ತಮ್ಮ ಅಧ್ಯಯನವನ್ನು ಹೊರತಂದರು. ಕಾಡು ಹರಿದುಹಂಚಿಹೋಗಿ ಹೊಲಗದ್ದೆಗಳೇ ಹೆಚ್ಚಾಗಿರುವ ಕಡೆಗಳಲ್ಲಿ ಗಂಡಾನೆಗಳು ತಮ್ಮತಮ್ಮಲ್ಲೇ ದೊಡ್ಡ ತಂಡಗಳನ್ನು ಕಟ್ಟಿಕೊಳ್ಳುತ್ತಿವೆ. ಕೆಲವು ತಂಡಗಳು ವರ್ಷಗಳ ಕಾಲ ಉಳಿಯುತ್ತವೆ. ಮನುಷ್ಯರ ನಡುವೆ ನುಸುಳುವ ಅಪಾಯದಲ್ಲಿ ಜೊತೆಗಾರರ ಬಲವೂ, ಹಳಬರ ಅನುಭವವೂ ಎಳೆಯ ಗಂಡುಗಳಿಗೆ ಸಿಗುತ್ತದೆ. ಗುಂಪಿನ ಬಾಳು ಪ್ರಾಣಿಯ ಹಣೆಬರಹವಲ್ಲ, ಸಂದರ್ಭಕ್ಕೆ ತಕ್ಕಂತೆ ಅದು ಮಾಡುವ ಲೆಕ್ಕಾಚಾರ ಎಂಬುದಕ್ಕೆ ನಮ್ಮ ಮನೆಬಾಗಿಲಲ್ಲೇ ದೊರೆತ ಸಾಕ್ಷ್ಯವಿದು.

ಹಿರಿಯರಿಲ್ಲದ ಗಂಡುಗಳ ಗತಿಯೇನೆಂಬುದನ್ನು ದಕ್ಷಿಣ ಆಫ್ರಿಕದ ಪಿಲಾನೆಸ್‌ಬರ್ಗ್ ತೋರಿಸಿಕೊಟ್ಟಿತು. ಕ್ರೂಗರ್ ಅರಣ್ಯದಲ್ಲಿ ಸಂಖ್ಯೆ ತಗ್ಗಿಸಲೆಂದು ದೊಡ್ಡ ಆನೆಗಳನ್ನು ಕೊಂದು, ಅನಾಥವಾದ ಎಳೆಯವನ್ನು ಅಲ್ಲಿಗೆ ಸಾಗಿಸಿದ್ದರು. ಆ ಗಂಡುಗಳು ಪ್ರಾಯಕ್ಕೆ ಬಂದಾಗ ಅಕಾಲದಲ್ಲಿ ಮದವೇರಿ, ೧೯೯೨ರಿಂದ ೧೯೯೭ರವರೆಗೆ ನಲವತ್ತಕ್ಕೂ ಹೆಚ್ಚು ಬಿಳಿ ಖಡ್ಗಮೃಗಗಳನ್ನು ಕೊಂದವು. ೧೯೯೮ರಲ್ಲಿ ಆರು ಹಿರಿಯ ಗಂಡಾನೆಗಳನ್ನು ತಂದುಬಿಟ್ಟರು. ಹಿರಿಯರ ಎದುರಿನಲ್ಲಿ ಕಿರಿಯರ ಮದ ಇಳಿಯಿತು, ಕೊಲೆ ನಿಂತಿತು. ಹೆಣ್ಣುಗಳ ಬಳಗದಲ್ಲಿಯೂ ಗಾಯ ಉಳಿದಿತ್ತು: ದಶಕಗಳು ಕಳೆದ ಮೇಲೂ ಅಲ್ಲಿಯ ಹಿಂಡುಗಳು ಪರಿಚಿತ ಅಪರಿಚಿತ ಕೂಗುಗಳನ್ನು ಅಂಬೋಸೆಲಿಯ ಹಿಂಡುಗಳಂತೆ ಬೇರ್ಪಡಿಸಲಾರದೆ ಹೋದುವೆಂದು ೨೦೧೩ರ ಅಧ್ಯಯನವೊಂದು ತಿಳಿಸಿತು. ಕಲಿಸುವವರನ್ನು ಕೊಂದಮೇಲೆ ವಿದ್ಯೆ ಎಲ್ಲಿಂದ ಬರಬೇಕು?

ನಮಗೆ ಇದರಿಂದ ತಿಳಿಯಬೇಕಾದದ್ದು

ಆನೆಯ ಸಂಸಾರವನ್ನು ಕುರಿತು ಬರೆಯುವಾಗ ರೈತನ ಸಂಸಾರವನ್ನು ಮರೆಯುವುದು ಅನ್ಯಾಯ. ಒಂದು ರಾತ್ರಿಯಲ್ಲಿ ನೆಲಸಮವಾಗುವ ಬೆಳೆ ಒಂದು ಮನೆಯ ವರ್ಷದ ಅನ್ನ, ಮಗಳ ಕಾಲೇಜು ಶುಲ್ಕ, ತೀರಿಸಬೇಕಾದ ಸಾಲ. ಕತ್ತಲಲ್ಲಿ ಹೊಲ ಕಾಯಹೋದವರು ಮರಳಿ ಬಾರದಿರುವ ಸಂಗತಿಯೂ ನಮ್ಮ ಊರುಗಳಿಗೆ ಹೊಸದಲ್ಲ. ಆದುದರಿಂದಲೇ ಆನೆಯ ನಡವಳಿಕೆಯ ಜ್ಞಾನ ಮೊದಲು ತಲುಪಬೇಕಾದದ್ದು ಕಾಡಂಚಿನ ಮನೆಗೆ.

ಮೊದಲನೆಯದಾಗಿ, ಮರಿಗಳಿರುವ ಹಿಂಡನ್ನು ಅಟ್ಟುವಾಗ ಅದನ್ನು ಒಡೆಯಬಾರದು. ನಾಲ್ಕೂ ಕಡೆಯಿಂದ ಪಟಾಕಿ ಸಿಡಿಸಿದರೆ ತಾಯಿ ಒಂದು ಕಡೆ, ಮರಿ ಒಂದು ಕಡೆಯಾಗುತ್ತದೆ. ಮರಿಯನ್ನು ಅರಸುವ ಹೆಣ್ಣಾನೆಯಷ್ಟು ಅಪಾಯಕರ ಪ್ರಾಣಿ ಕಾಡಿನಲ್ಲಿ ಇನ್ನೊಂದಿಲ್ಲ. ಹಿಂಡು ಒಟ್ಟಾಗಿ ಕಾಡಿಗೆ ಮರಳುವ ಒಂದು ದಾರಿಯನ್ನು ತೆರೆದಿಡಬೇಕು. ಆ ದಾರಿಯಲ್ಲಿ ಜನ ನಿಲ್ಲಬಾರದು. ಒಂಟಿಯಾಗಿ ನಿಂತ ಮರಿ ಕಂಡರೆ ಮುಟ್ಟದೆ, ಸುತ್ತ ಗುಂಪು ಕೂಡದೆ ಅರಣ್ಯ ಇಲಾಖೆಗೆ ತಿಳಿಸಬೇಕು. ಬಳಗ ದೂರ ಹೋಗಿರುವುದಿಲ್ಲ.

ಎರಡನೆಯದಾಗಿ, ಮನೆಯ ವಿದ್ಯುತ್ತನ್ನು ನೇರವಾಗಿ ಬೇಲಿಗೆ ಹರಿಸುವುದು ಕಾನೂನಿಗೆ ವಿರುದ್ಧ. ಅದು ಆನೆಯನ್ನೂ ಕೊಲ್ಲುತ್ತದೆ, ಬೆಳಗ್ಗೆ ಹುಲ್ಲು ಕೊಯ್ಯಲು ಬಂದವರನ್ನೂ ಕೊಲ್ಲುತ್ತದೆ. ೨೦೨೩ರ ಮಾರ್ಚಿಯಲ್ಲಿ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿಯ ಬಳಿ ಇಂಥ ತಂತಿಗೆ ಸಿಕ್ಕಿ ಮೂರು ಆನೆಗಳು ಸತ್ತವು. ಜೊತೆಯಲ್ಲಿದ್ದ ಎರಡು ಮರಿಗಳು ಉಳಿದು, ಸತ್ತವುಗಳ ಸುತ್ತಲೇ ಸುಳಿದಾಡುತ್ತಿದ್ದವು. ಹಿರಿಯಳು ಸತ್ತಾಗ ಒಂದು ಜೀವದೊಡನೆ ದಾರಿ, ನೀರು, ಎಚ್ಚರಗಳ ಅರಿವೂ ಹೋಗುತ್ತದೆ. ಉಳಿದ ಎಳೆಯವು ದಿಕ್ಕುಗೆಟ್ಟು ಊರಿನತ್ತ ಬಂದರೆ ಅಚ್ಚರಿಯಿಲ್ಲ.

ಮೂರನೆಯದಾಗಿ, ಕಾಟ ಕೊಡುವ ಗಂಡಾನೆಯನ್ನು ಹಿಡಿದು ದೂರದ ಕಾಡಿಗೆ ಬಿಟ್ಟುಬಂದರೆ ಸಮಸ್ಯೆ ತೀರಿತೆಂಬ ಭರವಸೆ ಬಲವಾದದ್ದಲ್ಲ. ಶ್ರೀಲಂಕೆಯಲ್ಲಿ ಹೀಗೆ ಸಾಗಿಸಿದ ಹನ್ನೆರಡು ಗಂಡಾನೆಗಳ ಕೊರಳಿಗೆ ಉಪಗ್ರಹ ಸಂಪರ್ಕದ ಪಟ್ಟಿ ಕಟ್ಟಿ ನೋಡಿದ ಅಧ್ಯಯನ ೨೦೧೨ರಲ್ಲಿ ಪ್ರಕಟವಾಯಿತು. ಕೆಲವು ಹಳೆಯ ಜಾಗಕ್ಕೇ ಮರಳಿದವು, ಕೆಲವು ಅಲೆಮಾರಿಗಳಾದವು, ಕೆಲವು ಮಾತ್ರ ಹೊಸ ಜಾಗದ ಆಸುಪಾಸಿನಲ್ಲಿ ನೆಲೆಸಿದವು. ತೊಂದರೆ ಹಲವು ಬಾರಿ ಒಂದು ಊರಿನಿಂದ ಇನ್ನೊಂದು ಊರಿಗೆ ವರ್ಗವಾಯಿತು.

ಹಾಗಾದರೆ ಉಪಾಯವೇನು? ತಮಿಳುನಾಡಿನ ವಾಲ್ಪಾರೈ ಚಹಾತೋಟಗಳ ಅನುಭವ ಗಮನಾರ್ಹ. ಅಲ್ಲಿ ಆನೆಯಿಂದ ಆದ ಸಾವುಗಳಲ್ಲಿ ಹೆಚ್ಚಿನವು, ಆನೆ ಹತ್ತಿರದಲ್ಲಿದೆಯೆಂದು ಗೊತ್ತಿಲ್ಲದೆ ನಡೆದುಹೋಗಿ ಸಂಭವಿಸಿದವು ಎಂದು ತಿಳಿದ ಮೇಲೆ, ಆನಂದಕುಮಾರ್ ಮತ್ತು ಅವರ ಸಂಗಡಿಗರು ಹಿಂಡು ಎಲ್ಲಿದೆಯೆಂಬ ಸುದ್ದಿಯನ್ನು ಸಂಜೆಯೊಳಗೆ ಮೊಬೈಲ್ ಫೋನುಗಳಿಗೆ ತಲುಪಿಸುವ, ಆಯಕಟ್ಟಿನ ಜಾಗಗಳಲ್ಲಿ ಕೆಂಪು ದೀಪ ಉರಿಸುವ ವ್ಯವಸ್ಥೆ ಮಾಡಿದರು. ಸಾವುಗಳು ಇಳಿದವು. ಇಂಥ ಏರ್ಪಾಡಿಗೆ ಬೇಕಾದದ್ದು ಹೆಚ್ಚಿನ ಹಣವಲ್ಲ. ಊರಿನವರ ಒಗ್ಗಟ್ಟು, ಸುದ್ದಿಯನ್ನು ಒಬ್ಬರಿಂದೊಬ್ಬರಿಗೆ ಮುಟ್ಟಿಸುವ ಶಿಸ್ತು.

ಇವೆಲ್ಲಕ್ಕೂ ಮಿಗಿಲಾದದ್ದು ದಾರಿಯ ಪ್ರಶ್ನೆ. ಬಳಗ ಒಡೆದು ಕೂಡುತ್ತಲೇ ಬಾಳುವ ಪ್ರಾಣಿಗೆ ಕಾಡಿನ ಒಂದು ತುಂಡಿನಿಂದ ಇನ್ನೊಂದಕ್ಕೆ ಹೋಗುವ ಓಣಿ ಮುಚ್ಚಿದರೆ ಅಕ್ಕ ಅತ್ತ, ತಂಗಿ ಇತ್ತ ಉಳಿಯುತ್ತಾರೆ. ಮನೆ ಬಿಟ್ಟ ಗಂಡಿಗೆ ಹೊಸ ನೆಲೆ ಸಿಗದು. ನೀಲಗಿರಿಯ ತಪ್ಪಲಿನ ಸೀಗೂರು ಆನೆದಾರಿಯನ್ನು ಉಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ೨೦೨೦ರ ಅಕ್ಟೋಬರಿನಲ್ಲಿ ಎತ್ತಿಹಿಡಿದ ತೀರ್ಪಿನ ಮಹತ್ವ ಇದರಲ್ಲಿದೆ. ವಯನಾಡು, ಮುದುಮಲೆ, ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಸತ್ಯಮಂಗಲಗಳು ಆಡಳಿತದ ಕಡತದಲ್ಲಿ ಮೂರು ರಾಜ್ಯಗಳಿಗೆ ಹಂಚಿಹೋಗಿವೆ. ಆನೆಯ ಪಾಲಿಗೆ ಅವು ಒಂದೇ ಮನೆಯ ಕೋಣೆಗಳು. ಒಂದು ರಾಜ್ಯದ ಅರಣ್ಯ ಸಿಬ್ಬಂದಿ ಹಿಂಡನ್ನು ಗೆರೆಯಾಚೆಗೆ ಅಟ್ಟಿ ಕೈತೊಳೆದುಕೊಂಡರೆ ಅದು ಇನ್ನೊಂದು ರಾಜ್ಯದ ರೈತನ ಹೊಲದಲ್ಲಿ ತಂಗುತ್ತದೆ. ಹಿಂಡಿನ ಚಲನೆಯ ಸುದ್ದಿಯನ್ನಾದರೂ ಮೂರು ರಾಜ್ಯಗಳ ಇಲಾಖೆಗಳು ಕಾಲಕಾಲಕ್ಕೆ ಹಂಚಿಕೊಳ್ಳಬೇಕೆಂದು ಒತ್ತಾಯಿಸಲು, ಎರಡೂ ಕಡೆಯ ನುಡಿ ಬಲ್ಲ ಗಡಿನಾಡ ಕನ್ನಡಿಗರಿಗಿಂತ ಹೆಚ್ಚು ಅರ್ಹರು ಯಾರು? ಮುಂದಿನ ಗ್ರಾಮಸಭೆಯಲ್ಲಿ ಈ ಮಾತನ್ನು ಯಾರಾದರೊಬ್ಬರು ಎತ್ತಲಿ. ರಾಗಿ ತೆನೆ ತುಂಬುವ ಮೊದಲೇ ಎತ್ತಲಿ.